ಪುಸ್ತಕದ ಕಿರ್ದಿ, ಉದ್ರಿ ಸಹಿತ

(ಗ್ರಂಥಾಲಯ ಸಪ್ತಾಹದ ಸಂದರ್ಭದಲ್ಲಿ ರಾಯಚೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ್ದನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ಶರಣು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಸಾಹಿತಿಗಳು’ ಎಂದು ಹಾಕಿದ್ದಾರೆ. ಅದು ಕರೆದವರ ಧಾರಾಳತನ. ನಾನು ಒಂದು ಚುಟುಕವನ್ನೂ ಬರೆದವನಲ್ಲ. ಇದೇ ಊರಿನ ರಾಜೇಂದ್ರ ಗಂಜಿನ, ಅಂದರೆ ಕಾಳುಕಡಿಯ ಮಾರುಕಟ್ಟೆಯ, ಒಂದು ಅಡತಿ ಅಂಗಡಿಯಲ್ಲಿ ಕೂತು ಹತ್ತಿ, ತೊಗರಿ, ಭತ್ತದ ಲೆಕ್ಕ ಬರೆಯುತ್ತ ತಲೆ ಹಣ್ಣು ಮಾಡಿಕೊಂಡ ಗುಮಾಸ್ತ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಓದುತ್ತೇನೆ, ಓದಿದ್ದರ ಬಗ್ಗೆ ನಾಲ್ಕು ಸಾಲು ಬರೆದಿಡುತ್ತೇನೆ. ಇಷ್ಟೇ ನನ್ನ ಅರ್ಹತೆ. ನನಗೆ ಕೊಟ್ಟ ವಿಷಯ ‘ಪುಸ್ತಕ ವಿಮರ್ಶೆ ಮತ್ತು ನನ್ನ ಓದು’. ಮೊದಲ ಅರ್ಧದಲ್ಲಿ ಒಂದಿಷ್ಟು ಜಗಳವಿದೆ, ಅದನ್ನು ಮುಗಿಸಿಯೇ ಮುಂದಕ್ಕೆ ಹೋಗುತ್ತೇನೆ.

ನಮ್ಮ ಕಡೆ ಪುಸ್ತಕದ ಬಗ್ಗೆ ಯಾರಾದರೂ ಸಾರ್ವಜನಿಕವಾಗಿ ಮಾತಾಡುವುದನ್ನು ಕೇಳಬೇಕೆಂದರೆ ಬಿಡುಗಡೆ ಸಮಾರಂಭಕ್ಕೇ ಹೋಗಬೇಕು. ಹೋಗಿರುತ್ತೀರಿ. ಹತ್ತೂವರೆಗೆ ಎಂದದ್ದು ಹನ್ನೆರಡಕ್ಕೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಫಲಪುಷ್ಪ. ಬಣ್ಣದ ಕಾಗದ ಹರಿದು ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ. ಆಮೇಲೆ ಕೃತಿ ಪರಿಚಯ ಮಾಡಿಕೊಡುವವರು ಎದ್ದು, “ಪುಸ್ತಕ ನಿನ್ನೆ ರಾತ್ರಿಯಷ್ಟೇ ನನ್ನ ಕೈ ಸೇರಿತು, ಕಣ್ಣಾಡಿಸಿದ್ದೇನೆ” ಎಂದು ಶುರುಮಾಡಿ ಮುಕ್ಕಾಲು ತಾಸು ಮಾತಾಡುತ್ತಾರೆ. ಕಣ್ಣಾಡಿಸಿದ್ದು ಮುನ್ನುಡಿಯ ಮೇಲೆ. ಮುನ್ನುಡಿ ಬರೆದವರು ಅರವತ್ತು ದಾಟಿದ ಲೇಖಕನನ್ನು ‘ಭರವಸೆಯ ಕವಿ’ ಅಂದಿರುತ್ತಾರೆ, ಇವರೂ ಭರವಸೆಯ ಕವಿ ಅನ್ನುತ್ತಾರೆ. ಎರಡು ವಾರ ಬಿಟ್ಟು ಅದೇ ಮಾತು ಪತ್ರಿಕೆಯೊಂದರಲ್ಲಿ ವಿಮರ್ಶೆಯಾಗಿ ಅಚ್ಚಾಗುತ್ತದೆ. ಕೊನೆಯ ಸಾಲು ನಿಮಗೂ ಬಾಯಿಪಾಠ: ‘ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ.’

ಪ್ರತಿಯೊಬ್ಬರೂ ಓದಲೇಬೇಕಾದ ಪುಸ್ತಕ ಯಾವುದೂ ಇಲ್ಲ. ಇದ್ದರೆ ಅದು ರೇಶನ್ ಕಾರ್ಡು.

ಈ ಹೊಗಳಿಕೆಯಿಂದ ಲೇಖಕನಿಗೆ ನಷ್ಟವಿಲ್ಲ, ಓದುಗನಿಗೆ ಇದೆ. ನಮ್ಮ ಊರಿನ ಒಬ್ಬ ಹುಡುಗ ಇನ್ನೂರೈವತ್ತು ರೂಪಾಯಿ ಕೊಟ್ಟು ಅಂಥ ಒಂದು ಕಾದಂಬರಿ ಒಯ್ಯುತ್ತಾನೆ. ಮೂವತ್ತನೇ ಪುಟಕ್ಕೆ ಬೇಸರ ಬರುತ್ತದೆ. ಪುಸ್ತಕ ಕೆಟ್ಟದ್ದು ಅಂತ ಅವನಿಗೆ ಅನ್ನಿಸುವುದಿಲ್ಲ, ಎಲ್ಲರೂ ಹೊಗಳಿದ್ದಾರಲ್ಲ! ನನಗೇ ಓದಲಿಕ್ಕೆ ಬರುವುದಿಲ್ಲ ಅಂತ ಅನ್ನಿಸುತ್ತದೆ. ಆ ಹುಡುಗ ಮತ್ತೆ ಪುಸ್ತಕದ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಸುಳ್ಳು ಹೊಗಳಿಕೆ ಮಾಡಿದಷ್ಟು ಹಾನಿಯನ್ನು ಮೊಬೈಲೂ ಮಾಡಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ವಿಮರ್ಶೆಯಲ್ಲಿ ಏನಿರಬೇಕು? ವಿದ್ವಾಂಸರು ಹೇಳುವುದು ಬೇರೆ ಇದ್ದೀತು. ಓದುಗನಾಗಿ ನನಗೆ ಎರಡು ಸಂಗತಿ ಬೇಕು. ಈ ಪುಸ್ತಕ ಯಾರ ಕೈಗೆ ಸಿಕ್ಕರೆ ಹೊಂದುತ್ತದೆ? ಓದುತ್ತ ಹೋದವನು ಎಲ್ಲಿ ಮುಗ್ಗರಿಸಿದ? ಎರಡನೆಯದನ್ನು ಯಾರೂ ಹೇಳುವುದೇ ಇಲ್ಲ. ದೊಡ್ಡ ಪುಸ್ತಕದಲ್ಲಿ ಮುಗ್ಗರಿಸುವುದು ಅವಮಾನ ಅಂದುಕೊಂಡಿದ್ದೇವೆ. ಮುಗ್ಗರಿಸುವ ಜಾಗ ಮೊದಲೇ ಗೊತ್ತಿದ್ದರೆ ಮುಂದಿನವನು ಅಲ್ಲಿ ಕಾಲೆತ್ತಿ ಇಡುತ್ತಾನೆ.

ನನ್ನ ನೋಟುಬುಕ್ಕಿನ ಪದ್ಧತಿ ಕಸುಬಿನಿಂದಲೇ ಬಂದದ್ದು. ಕಿರ್ದಿಯಂತೆ, ಅಂದರೆ ಅಂಗಡಿಯ ದಿನದ ಲೆಕ್ಕದ ಪುಸ್ತಕದಂತೆ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಪುಸ್ತಕದಿಂದ ಬಂದದ್ದು ಎಡಕ್ಕೆ, ಅದಕ್ಕಾಗಿ ನಾನು ತೆತ್ತದ್ದು ಬಲಕ್ಕೆ. ತೆತ್ತದ್ದು ಅಂದರೆ ದುಡ್ಡಷ್ಟೇ ಅಲ್ಲ: ಬೇಸರ, ಗೊಂದಲ, ಎರಡು ಸಲ ಓದಿದ ಪುಟ, ಹಾರಿಸಿದ ಪುಟ. ಒಂದು ನಮೂದನ್ನು ಪೂರ್ತಿ ಬಿಚ್ಚಿ ತೋರಿಸುತ್ತೇನೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ. ನಾನು ಓದಿದ್ದು ಮೇ ತಿಂಗಳಲ್ಲಿ. ಯಾಕೆ ಮೇ ಅಂದರೆ, ಗಂಜಿನಲ್ಲಿ ನವೆಂಬರಿನಿಂದ ಫೆಬ್ರವರಿ ತನಕ ಉಸಿರಾಡಲಿಕ್ಕೆ ಪುರಸೊತ್ತಿರುವುದಿಲ್ಲ. ಹತ್ತಿಯ ಗಾಡಿಗಳ ಸಾಲು, ತೊಗರಿಯ ಸವಾಲು ಅಂದರೆ ಹರಾಜು, ತೂಕ, ಪಟ್ಟಿ, ಪಾವತಿ. ಆಗ ದಿನಪತ್ರಿಕೆ ಬಿಟ್ಟು ಬೇರೇನೂ ಓದುವುದಿಲ್ಲ. ಬೇಸಿಗೆಗೆ ಗಂಜು ಖಾಲಿ. ದಪ್ಪ ಪುಸ್ತಕಗಳೆಲ್ಲ ನನಗೆ ಬೇಸಿಗೆಯವೇ. ಹೊರಗೆ ನಲವತ್ತೆರಡು ಡಿಗ್ರಿ, ಕರೆಂಟು ಹೋಗಿದೆ, ಬನಿಯನ್ನು ಮೈಗಂಟಿದೆ, ಕೈಯಲ್ಲಿರುವ ಪುಸ್ತಕದಲ್ಲಿ ಜಡಿಮಳೆ! ಪುಟ ತಿರುವಿದರೆ ರಕ್ತ ಹೀರುವ ಇಂಬಳ, ಕೆಸರು, ಬೆಳಕು ನುಗ್ಗದ ಕಾಡು. ಇಂಬಳ ಹೇಗಿರುತ್ತದೆ ಎಂದು ನಾನು ಕಂಡವನಲ್ಲ. ನಮ್ಮ ಕಡೆಯ ನೆಲದಲ್ಲಿ ಅದು ಒಂದು ತಾಸೂ ಬದುಕಲಾರದು. ಆದರೂ ಓದುವಾಗ ಮೀನಖಂಡ ತುರಿಸಿತು.

ಖರ್ಚಿನ ಕಡೆ ಮೊದಲು ಬರೆದದ್ದು ಹೆಸರುಗಳು. ಮೊದಲ ನೂರು ಪುಟದಲ್ಲಿ ಎಷ್ಟು ಮಂದಿ! ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ. ಒಂದೊಂದು ಮನೆಗೂ ಒಡೆಯ, ಹೆಂಡತಿ, ಮಕ್ಕಳು, ಆಳು, ಆಳಿನ ನಾಯಿ. ತೂಕದ ಚೀಟಿಯ ಹಿಂಬದಿಯಲ್ಲಿ ಮನೆವಾರು ಪಟ್ಟಿ ಮಾಡಿ ಪುಸ್ತಕದಲ್ಲೇ ಇಟ್ಟುಕೊಂಡೆ. ಅಲ್ಲಿಂದ ಓದು ಸಲೀಸಾಯಿತು. ಯಾರಾದರೂ ಹೊಸದಾಗಿ ಓದುವುದಾದರೆ ಈ ಒಂದು ಕೆಲಸ ಮಾಡಿಕೊಳ್ಳಿ. ಎರಡನೆಯ ಖರ್ಚು: ಪಾದ್ರಿಯ ಪ್ರಸಂಗಗಳು ಬಂದಲ್ಲೆಲ್ಲ ನನ್ನ ಓದು ಕುಂಟಿತು. ಅಲ್ಲಿ ಕಾದಂಬರಿಕಾರರು ಸ್ವಲ್ಪ ಬದಿಗೆ ಸರಿದು ವಿಚಾರವಂತರು ಮುಂದೆ ಬರುತ್ತಾರೆ ಅನ್ನಿಸಿತು. ಇದನ್ನು ಹೇಳಿದ್ದಕ್ಕೆ ಹಿಂದೊಮ್ಮೆ ಒಬ್ಬ ಮೇಷ್ಟ್ರು ಮುನಿಸಿಕೊಂಡಿದ್ದರು. ಅಭಿಪ್ರಾಯ ಇವತ್ತಿಗೂ ಹಾಗೇ ಇದೆ.

ಇನ್ನು ಜಮಾ. ಪುಸ್ತಕದ ಹಣೆಯ ಮೇಲೆ ಒಂದು ಮಾತಿದೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ.’ ಇದನ್ನು ಭಾಷಣದಲ್ಲಿ ಉದ್ಧರಿಸುವುದು ಸುಲಭ. ಕಾದಂಬರಿಯ ಉದ್ದಕ್ಕೂ ಪಾಲಿಸುವುದು ಸುಲಭವಲ್ಲ. ಜೀತದಾಳು ನಾಯಿಗುತ್ತಿಯ ನಾಯಿ ಹುಲಿಯನಿಗೆ ಹೆಗ್ಗಡೆಯವರಿಗೆ ಕೊಟ್ಟಷ್ಟೇ ಗಮನ ಸಿಕ್ಕಿದೆ. ಗುತ್ತಿ, ಅವನ ಮೆಚ್ಚಿನ ತಿಮ್ಮಿ ತುಂಗೆಯನ್ನು ದಾಟುವಾಗ ಹೊಳೆಯ ಪಾಲಾಗುವ ಆ ನಾಯಿಗಾಗಿ ಪಟ್ಟ ಸಂಕಟವನ್ನು ನಾನು ಬೇರೆ ಪುಸ್ತಕದ ಎಷ್ಟೋ ಮನುಷ್ಯರಿಗೆ ಪಟ್ಟಿಲ್ಲ.

ಅದೇ ತುಂಗೆ. ಮಲೆನಾಡಿನ ಓದುಗ ಆ ಪುಟಗಳನ್ನು ಓದಿದರೆ ತನ್ನ ಊರಿನ ಹೊಳೆ ನೋಡುತ್ತಾನೆ. ನಾನು ನೋಡಿದ್ದು ಬೇರೆ. ಆ ನೀರು ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊಸಪೇಟೆಯ ಡ್ಯಾಮಿಗೆ ಬಂದು ನಿಂತು, ಎಡದಂಡೆ ನಾಲೆಯಲ್ಲಿ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಬರುತ್ತದಲ್ಲ, ಆ ನೀರಿನ ಭತ್ತವನ್ನೇ ನಾನು ಗಂಜಿನಲ್ಲಿ ತೂಕ ಹಾಕಿ ಬರೆಯುವುದು. ಗುತ್ತಿಯನ್ನು ತೋಯಿಸಿದ ಮಳೆ ನನ್ನ ಲೆಕ್ಕದ ಪುಸ್ತಕಕ್ಕೆ ಬಂದು ಮುಟ್ಟಿದೆ. ಈ ಮಾತನ್ನು ಯಾವ ವಿಮರ್ಶೆಯಲ್ಲೂ ನಾನು ಕಂಡಿಲ್ಲ. ಕಾಣಬೇಕಾದ್ದೂ ಅಲ್ಲ, ಅವರು ಇಲ್ಲಿ ಕೂತು ಓದಿಲ್ಲ. ಓದಿದವನು ಎಲ್ಲಿ ಕೂತಿದ್ದ ಅನ್ನುವುದು ವಿಮರ್ಶೆಯಲ್ಲಿ ಇರಲಿ. ನಾನು ಕೇಳುವುದು ಇಷ್ಟೇ.

ನಮ್ಮ ಈ ಮೂರು ಜಿಲ್ಲೆಗಳ ಓದಿಗೆ ಒಂದು ವಿಚಿತ್ರ ಇತಿಹಾಸವಿದೆ. 1948ರ ಸೆಪ್ಟೆಂಬರ್ ತನಕ ರಾಯಚೂರು, ಕೊಪ್ಪಳ ನಿಜಾಮರ ಕೆಳಗೆ. ಶಾಲೆ ಉರ್ದು, ಕಚೇರಿ ಉರ್ದು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಆಡುತ್ತ ಕಾಗದ ಪತ್ರ ಉರ್ದುವಿನಲ್ಲಿ ಬರೆದವರು. ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ಅಲ್ಲಿ ಇಂಗ್ಲಿಷಿನ ಜತೆ ತೆಲುಗು. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದಾಗ ಕನ್ನಡ ಪುಸ್ತಕವೆಂದರೆ ಮೂಗು ಮುರಿಯುತ್ತಿದ್ದರಂತೆ. ಅ.ನ.ಕೃ. ಅವರ ‘ಸಂಧ್ಯಾರಾಗ’ ಕೈಗೆ ಸಿಕ್ಕಿ, ಓದಿ, ಅಲ್ಲಿಂದ ಕನ್ನಡದ ಕಡೆ ಹೊರಳಿದರು. ಒಂದು ಪುಸ್ತಕ ಓದಿದ್ದಕ್ಕೆ ನಮಗೆ ಅವರ ನಗೆಪಾತ್ರ ತಿಂಮ ಸಿಕ್ಕ. ಇತ್ತ ರಾಯಚೂರಿನ ಶಾಂತರಸರು ಉರ್ದು ಗಜಲನ್ನು ಒಳಗಿಳಿಸಿಕೊಂಡು ಕನ್ನಡಕ್ಕೆ ತಂದರು. 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮರ ಕಾಲದಲ್ಲೇ, 1934ರಲ್ಲಿ, ಈ ಊರಲ್ಲಿ ಸಮ್ಮೇಳನ ನಡೆದಾಗ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿ ಬಂದಿದ್ದರು. ಕರಾವಳಿಯ ಪಂಜೆಯವರಿಗೆ ಈ ಬಿಸಿಲು ಹೇಗಾಯಿತೋ.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಿವಿ ಮೊದಲಿನಿಂದಲೂ ಒಂದೇ ಕನ್ನಡಕ್ಕೆ ಒಗ್ಗಿದ್ದಲ್ಲ. ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ದಕ್ಷಿಣದ ಕಡೆಯ ಕೆಲವು ಗೆಳೆಯರು ಭಾಷೆ ಅರ್ಥವಾಗುವುದಿಲ್ಲ ಎಂದು ತಕರಾರು ತೆಗೆದರು. ನಾನು ಗಂಜಿನಲ್ಲಿ ಮಧ್ಯಾಹ್ನ ಅದರ ಒಂದೆರಡು ಪುಟ ಜೋರಾಗಿ ಓದಿದೆ. ಚೀಲದ ಮೇಲೆ ಮಲಗಿದ್ದ ಹಮಾಲನೊಬ್ಬ ಕಣ್ಣು ಬಿಡದೆ, “ಗುಮಾಸ್ತರ, ಯಾರ್ದದು? ನಮ್ಮ ಅಬ್ಬೆ ಬೈದಂಗ ಐತಲ್ರಿ” ಅಂದ. ಅಂಥ ವಿಮರ್ಶೆ ನನಗೆ ಬರೆಯಲಿಕ್ಕೆ ಬರಲಿಲ್ಲ, ಅದನ್ನೇ ಜಮಾ ಕಡೆ ಬರೆದುಕೊಂಡೆ. ಖರ್ಚಿನ ಕಡೆ: ದಟ್ಟಣೆ. ಮನ್ರೋ ಸಾಹೇಬ ಬರುತ್ತಾನೆ, ದೇವಿ ಮೈಮೇಲೆ ಬರುತ್ತಾಳೆ, ಊರಿಗೆ ಊರೇ ಬರುತ್ತದೆ. ಓದುಗನಿಗೆ ಒಂದು ಲೋಟ ನೀರು ಕುಡಿಯಲಿಕ್ಕೂ ಬಿಡುವಿಲ್ಲ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ ಸೇರಿದ, ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶಗಳಾದ ದತ್ತ ಮಂಡಲಗಳ ಪ್ರಧಾನ ಕಲೆಕ್ಟರ್ ಆಗಿದ್ದವನು. ಆ ಹಿನ್ನೆಲೆ ಅಷ್ಟಿಷ್ಟು ಗೊತ್ತಿದ್ದರೆ ಕಾದಂಬರಿ ಇನ್ನೂ ರುಚಿಸುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿ. ಒಂದೇ ಸಲಕ್ಕೆ ಕೂತರೆ ತಲೆ ಗಿರ್ರೆನ್ನುತ್ತದೆ.

ಇದೇ ಮಾತು ದೇವನೂರ ಮಹಾದೇವರ ‘ಕುಸುಮಬಾಲೆ’ಗೂ ಬರುತ್ತದೆ, ದಿಕ್ಕು ಉಲ್ಟಾ. 1984ರ ಪುಟ್ಟ ಪುಸ್ತಕ. ಚಾಮರಾಜನಗರ, ನಂಜನಗೂಡಿನ ಕಡೆಯ ಕನ್ನಡ. ಅಲ್ಲಿ ಈಗ ನಾನು ಪರ ಊರಿನವ. ಮನಸ್ಸಿನಲ್ಲೇ ಓದಿದಾಗ ಒಂದು ಸಾಲೂ ಒಳಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ದನಿ ತೆಗೆದು ಓದಿದಾಗ ದೀಪದ ಜೀವಗಳಾದ ಜೋತಮ್ಮಗಳು ಮಾತಾಡತೊಡಗಿದವು. ಎಲ್ಲ ಪದ ತಿಳಿಯಿತೇ? ಇಲ್ಲ. ತಿಳಿಯದೆ ಉಳಿದದ್ದರಿಂದ ಏನೂ ಕಡಿಮೆಯಾಗಲಿಲ್ಲ. ಕನ್ನಡದ ಪುಸ್ತಕಗಳಲ್ಲಿ ಕೆಲವನ್ನು ಕಣ್ಣಿನಿಂದ, ಕೆಲವನ್ನು ಬಾಯಿಂದ ಓದಬೇಕು. ವಿಮರ್ಶೆ ಬರೆಯುವವರು ಇದೊಂದನ್ನು ಹೇಳಿದರೂ ಸಾಕಿತ್ತು.

ಈಗ ಸ್ವಲ್ಪ ಇತಿಹಾಸ. ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಮೇಲೆ ಒಂದು ಇಂಗ್ಲಿಷ್ ಪುಸ್ತಕ ಪ್ರಕಟಿಸಿದ. ಅದರಲ್ಲಿ ಪೋರ್ಚುಗೀಸರಾದ ಪಾಯಸ್, ನ್ಯೂನಿಜ್ ಬರೆದಿಟ್ಟ ವರದಿಗಳ ಅನುವಾದವಿದೆ. ಹಂಪಿಗೆ ಹೋಗುವವರು ಪಾಯಸನನ್ನು ಓದುತ್ತಾರೆ. ರಾಯಚೂರಿನವರು ಓದಬೇಕಾದವನು ನ್ಯೂನಿಜ್. 1520ರಲ್ಲಿ ಕೃಷ್ಣದೇವರಾಯ ನಮ್ಮ ಕೋಟೆಗೆ ಮುತ್ತಿಗೆ ಹಾಕಿದ್ದು, ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆ ದಾಟಿ ಬಂದು ಸೋತದ್ದು, ಆಮೇಲೆ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಗೋಡೆಯ ಮೇಲೆ ತಲೆ ತೋರಿಸಿದವರನ್ನೆಲ್ಲ ಹೊಡೆದುರುಳಿಸಿದ್ದು, ಬಗ್ಗಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಗುಲಿ ಊರು ಶರಣಾದದ್ದು, ಎಲ್ಲ ಅದರಲ್ಲಿದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದಿದೆ. ಮರುದಿನ ಕಾಟಿ ದರ್ವಾಜಾದ ಕಡೆ ಹೋಗಿ ಗೋಡೆಯನ್ನು ಕೆಳಗಿನಿಂದ ನೋಡಿದೆ. ಅಲ್ಲಿ ಆಟೋ ನಿಲ್ಲಿಸಿದ್ದವ “ಎಲ್ಲಿಗ್ರಿ?” ಅಂದ. ಏನಂತ ಹೇಳಲಿ?

ನ್ಯೂನಿಜ್ ಬಗ್ಗೆ ನನ್ನ ಕಿರ್ದಿಯಲ್ಲಿ ಇರುವುದು ಗುಮಾಸ್ತನ ವಿಮರ್ಶೆ, ವಿದ್ವಾಂಸರು ಮನ್ನಿಸಬೇಕು. ಅವನು ಕೊಟ್ಟ ಅಂಕಿಗಳನ್ನು ಕೂಡಿಸಿದರೆ ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ. ನಾನು ಮೊದಲು ಮಾಡಿದ್ದು ಕಾಳಿನ ಲೆಕ್ಕ. ಒಬ್ಬನಿಗೆ ದಿನಕ್ಕೆ ಅರ್ಧ ಕಿಲೋ ಹಿಡಿಯಿರಿ. ದಿನಕ್ಕೆ ಮೂರೂವರೆ ಸಾವಿರ ಕ್ವಿಂಟಲ್! ಹತ್ತು ಟನ್ನಿನ ಲಾರಿ ಮೂವತ್ತೈದು ಬೇಕು, ದಿನಾ, ರಾಯಚೂರಿನ ಬೇಸಿಗೆಯಲ್ಲಿ, ಎತ್ತಿನ ಮೇಲೆ. ಕುದುರೆಗೆ ಹುರುಳಿ ಬೇರೆ, ಆನೆಯ ಮಾತು ಬಿಡಿ. ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ಇದೇ ಮನುಷ್ಯ ದಂಡಿನ ಜತೆ ನಡೆದ ಸಂತೆಯನ್ನು ವರ್ಣಿಸುವಾಗ ಒಂದೊಂದು ಮಾತೂ ನಿಜ ಅನ್ನಿಸುತ್ತದೆ. ಅವನೇ ಕುದುರೆ ವ್ಯಾಪಾರಿ. ಸರಕು, ಬೆಲೆ, ಅಂಗಡಿ ಬಂದಲ್ಲಿ ನ್ಯೂನಿಜನನ್ನು ನಂಬುತ್ತೇನೆ. ತಲೆ ಎಣಿಸುವಲ್ಲಿ ನಂಬುವುದಿಲ್ಲ. ಹೀಗೆ ಒಂದು ಪುಸ್ತಕವನ್ನು ಅರ್ಧ ನಂಬಿ ಓದುವುದರಲ್ಲಿ ಬಹಳ ಸುಖವಿದೆ. ಪೂರ್ತಿ ನಂಬಿದರೆ ಭಕ್ತ, ಏನೂ ನಂಬದಿದ್ದರೆ ಪುಸ್ತಕ ಮುಗಿಯುವುದೇ ಇಲ್ಲ.

ಕೊಪ್ಪಳದಿಂದ ಬಂದ ಗೆಳೆಯರು ನಗುತ್ತಿದ್ದಾರೆ. ನಿಮ್ಮದೂ ಒಂದು ಮಾತಿದೆ. ಕವಿರಾಜಮಾರ್ಗದಲ್ಲಿ ‘ಮಹಾಕೊಪಣ ನಗರ’ದ ಹೆಸರು ಬರುತ್ತದೆ, ಇದೂ ಸೇರಿ ನಾಲ್ಕು ಊರುಗಳ ನಡುವಿನ ನಾಡಿನಲ್ಲಿ ಕನ್ನಡದ ತಿರುಳು ಇದೆ ಎಂದು ಕವಿ ಹೇಳಿದ್ದಾನೆ. ಕೊಪ್ಪಳದ ಯಾವ ಸಭೆಯಲ್ಲೂ ಈ ಪದ್ಯ ಬರದೆ ಇರುವುದಿಲ್ಲ. ಆ ಪದ್ಯದ ಹಿಂದಿನ, ಮುಂದಿನ ಪುಟ ತಿರುವಿದವರು ಎಷ್ಟು ಮಂದಿ, ಕೈ ಎತ್ತಿ. ಹಾಂ, ಇಬ್ಬರು. ಪರವಾಗಿಲ್ಲ, ನಾನು ಅಂದುಕೊಂಡದ್ದಕ್ಕಿಂತ ಇಬ್ಬರು ಹೆಚ್ಚು.

ನಮ್ಮ ಜಿಲ್ಲೆಯವರೇ ಆದ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆ. ಇದನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2010ರಲ್ಲಿ ‘ಕನಸೆಂಬ ಕುದುರೆಯನೇರಿ’ ಮಾಡಿದರು. ಊರಲ್ಲಿ ಹೆಣಕ್ಕೆ ಕುಣಿ ತೋಡುವ ಈರ್ಯಾ, ಅವನ ಕನಸಿನಲ್ಲಿ ಸಿದ್ಧ ಬಂದರೆ ಯಾರೋ ಸತ್ತರೆಂದೇ ಲೆಕ್ಕ. ಈ ಸಲ ಕನಸು ಬಿದ್ದಿದೆ, ಸಾವಿನ ಸುದ್ದಿ ಇಲ್ಲ. ಕನಸು ಸುಳ್ಳಾಯಿತೋ, ಸಾವನ್ನು ಮುಚ್ಚಿಟ್ಟರೋ? ಗೌಡರ ಮನೆಯ ಬಾಗಿಲಿನೊಳಗೆ ಏನು ನಡೆದಿದೆ ಅನ್ನುವುದು ಕುಣಿ ತೋಡುವವನಿಗೆ ಅನ್ನದ ಪ್ರಶ್ನೆಯೂ ಹೌದು, ದೇವರ ಪ್ರಶ್ನೆಯೂ ಹೌದು. ಬಡವನ ನಂಬಿಕೆಯನ್ನು ಮೌಢ್ಯ ಎಂದು ಕೊಡವಿ ಹಾಕುವುದೂ ಇಲ್ಲ, ಮುದ್ದು ಮಾಡುವುದೂ ಇಲ್ಲ. ಕಥೆ ಓದಿದವರಿಗಿಂತ ಸಿನಿಮಾ ನೋಡಿದವರು ಹೆಚ್ಚು, ಅವರು ಕಥೆ ಓದಿದ್ದೇವೆ ಅಂದುಕೊಂಡಿದ್ದಾರೆ. ಕನ್ನಡದ ಸಣ್ಣ ಕಥೆಗಳ ಪಾಡು ಹೀಗೇ.

2016ರ ಡಿಸೆಂಬರಿನಲ್ಲಿ ಇಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಸಮ್ಮೇಳನ ಆಯಿತಲ್ಲ, ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆ. ನವೆಂಬರ್ 8ಕ್ಕೆ ನೋಟು ರದ್ದಾಗಿತ್ತು. ಪುಸ್ತಕದ ಮಳಿಗೆಯವರ ಬಳಿ ಚಿಲ್ಲರೆ ಇಲ್ಲ, ನನ್ನ ಬಳಿ ಗುಲಾಬಿ ಬಣ್ಣದ ಎರಡು ಸಾವಿರದ ನೋಟು. ಆರಿಸಿದ ಒಂದು ಪುಸ್ತಕಕ್ಕೆ ಅದನ್ನು ಮುರಿಸಲಾಗದೆ, ನೋಟಿಗೆ ಸರಿಹೊಂದುವ ತನಕ ಆರಿಸುತ್ತಲೇ ಹೋದೆ. ಮನೆಯವರು ಎರಡು ದಿನ ಮಾತು ಬಿಟ್ಟರು. ಹಾಗೆ ಲೆಕ್ಕ ಸರಿಮಾಡಲಿಕ್ಕೆ ತೆಗೆದುಕೊಂಡದ್ದರಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದು. ಅದನ್ನು ಗಂಜಿನವರು ಓದಬೇಕು. ಬಡತನದಲ್ಲಿ ಒಂದಾಗಿದ್ದ ಮನೆಗೆ ‘ಸೋನಾ ಮಸಾಲಾ’ ಎಂಬ ವ್ಯಾಪಾರದಿಂದ ದುಡ್ಡು ಬರುತ್ತದೆ. ದುಡಿಯುವ ಚಿಕ್ಕಪ್ಪನ ಸುತ್ತ ಮನೆಯವರೆಲ್ಲ ಹೇಗೆ ಬದಲಾಗುತ್ತಾರೆ ಅನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ಇರುವೆ ಹೊಸಕುವ ರೀತಿಯಲ್ಲೇ ತಿಳಿಯುತ್ತದೆ. ನಮ್ಮ ಪಕ್ಕದ ಅಂಗಡಿಯ ಸಾಹುಕಾರರಿಗೆ ಕೊಟ್ಟಿದ್ದೆ. ಒಂದೇ ದಿನಕ್ಕೆ ಮುಗಿಸಿ ತಂದು, “ಕಡೀಕ ಏನಾತು ಅಂತ ಹೇಳೇ ಇಲ್ಲಲ್ರಿ. ಉಳಿದ ಪುಟ ಯಾರರ ಹರದಾರೇನು?” ಅಂದರು. ಹರಿದಿಲ್ಲ, ಅಷ್ಟೇ ಇರುವುದು ಅಂದೆ. ಮರುದಿನ ಮತ್ತೆ ಕೇಳಿ ಒಯ್ದರು. ಎರಡನೇ ಸಲ ಓದಿ ಏನೂ ಹೇಳಲಿಲ್ಲ. ತಮ್ಮನ ಜತೆ ಪಾಲುದಾರಿಕೆ ಇರುವವರು ಅವರು.

ಪುಸ್ತಕ ಹೇಗೆ ಆರಿಸುತ್ತೀರಿ ಎಂದು ಕೇಳುವವರಿಗೆ ನನ್ನದು ಗಂಜಿನ ರೀತಿ. ಚೀಲದ ಬಾಯಿಯಲ್ಲಿರುವ ಕಾಳು ನೋಡಿ ಯಾವ ದಲ್ಲಾಲಿಯೂ ಬೆಲೆ ಕಟ್ಟುವುದಿಲ್ಲ. ಮೊನೆಯಿರುವ ಕಬ್ಬಿಣದ ಕೊಳವೆಯನ್ನು ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ಅಂಗೈಗೆ ತೆಗೆಯುತ್ತಾನೆ. ನಾನೂ ಪುಸ್ತಕದ ಮೊದಲ ಪುಟ ನೋಡುವುದಿಲ್ಲ, ಬೆನ್ನುಡಿಯಂತೂ ದೇವರಾಣೆಗೂ ಇಲ್ಲ. ನಡುವೆ ಎಲ್ಲೋ ಬಿಚ್ಚಿ ಎರಡು ಪುಟ ಓದುತ್ತೇನೆ. ಮೊದಲ ಪುಟವನ್ನು ಎಲ್ಲ ಲೇಖಕರೂ ತಿದ್ದಿ ತೀಡಿರುತ್ತಾರೆ. ನೂರಾ ಇಪ್ಪತ್ತನೇ ಪುಟಕ್ಕೆ ಬರುವ ಹೊತ್ತಿಗೆ ಯಾರು ನಿಜವಾಗಿ ಬರೆಯಬಲ್ಲವರು ಅನ್ನುವುದು ಗೊತ್ತಾಗುತ್ತದೆ. ಮುನ್ನುಡಿಯನ್ನು ಪುಸ್ತಕ ಮುಗಿದ ಮೇಲೆ ಓದುತ್ತೇನೆ. ಆಗ ಅದು ಜಗಳವಾಡಲಿಕ್ಕೆ ಒಳ್ಳೆಯ ಜತೆ.

ಸಿಗುವುದರ ಮಾತು. ಈ ಊರಿನ ಪುಸ್ತಕದಂಗಡಿಗಳಲ್ಲಿ ಗೈಡುಗಳದ್ದೇ ರಾಜ್ಯ. ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ಅರ್ಧ ಬೆಲೆಗೆ ಕೊಡುತ್ತದೆ, ಆಗ ವರ್ಷದ್ದು ತರಿಸಿಕೊಳ್ಳುತ್ತೇನೆ, ಬೇಸಿಗೆಯ ತನಕ ಅವು ಕಾಯುತ್ತವೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗವಿದೆ, ಬಳ್ಳಾರಿಯಲ್ಲಿ ಲೋಹಿಯಾ ಪ್ರಕಾಶನವಿದೆ. ಪುಸ್ತಕ ಅಂದರೆ ಬೆಂಗಳೂರಿನಿಂದಲೇ ಬರಬೇಕು ಎಂದೇನೂ ಇಲ್ಲ. ಇನ್ನು ಗ್ರಂಥಾಲಯ. 1965ರ ಕಾಯ್ದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರವಿದೆ. ರಸೀದಿಯಲ್ಲಿ ಆ ಸಾಲು ಹುಡುಕಿ. ದುಡ್ಡು ಕೊಟ್ಟಾಗಿದೆ, ಬಂದು ಓದಿರಿ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕೆಲವು ಕಡೆ ಮಕ್ಕಳು ತುಂಬಿರುವುದನ್ನು ನೋಡಿದ್ದೇನೆ, ಕೆಲವು ಕಡೆ ಬೀಗವನ್ನೂ ನೋಡಿದ್ದೇನೆ.

ಇಷ್ಟು ನನ್ನ ಮಾತು. ಇನ್ನು ನಿಮ್ಮದು.

ಒಬ್ಬ ವಿದ್ಯಾರ್ಥಿ ಎದ್ದು ಕೇಳಿದರು: “ಸರ್, ನಾವು ದಿನಾ ಇಲ್ಲಿ ಬರ್ತೀವಿ, ಹತ್ತು ತಾಸು ಓದ್ತೀವಿ, ಎಲ್ಲಾ ಪಿಡಿಒ, ಪಿಎಸ್‌ಐ ಪರೀಕ್ಷೆದ್ದು. ನಾವು ಓದುಗರಲ್ಲೇನು?”

ಓದುಗರೇ ಅಪ್ಪಾ. ನಿಮ್ಮನ್ನು ಬೈಯುವ ಭಾಷಣ ಬೇರೆಯವರು ಮಾಡುತ್ತಾರೆ, ನಾನು ಮಾಡುವುದಿಲ್ಲ. ನೌಕರಿ ಬೇಕು. ನನಗೆ ಗುಮಾಸ್ತಿಕೆ ಇದ್ದುದರಿಂದಲೇ ಕಾದಂಬರಿ ಕೊಳ್ಳಲಾಯಿತು. ಆದರೆ ನೀವು ಕೂರುವ ಮೇಜಿನ ಹಿಂದೆಯೇ ಕಥಾಸಂಕಲನಗಳ ಕಪಾಟು ಇದೆ. ಊಟದ ನಂತರ ಹೇಗೂ ಅರ್ಧ ತಾಸು ತೂಕಡಿಸುತ್ತೀರಿ, ಆಗ ಒಂದು ಕಥೆ ಓದಿ. ನಿದ್ದೆ ಬಂದರೆ ಕಥೆಯದ್ದೇ ತಪ್ಪು.

ಒಬ್ಬ ಮೇಡಂ ಕೇಳಿದ್ದು: “2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಬಂದ ಮೇಲೆ ಓದಿದವರೇ ಹೆಚ್ಚು. ಇದು ಸರಿಯೇ?”

ಸರಿಯೇ ತಾಯೀ. ಯಾವ ಬಾಗಿಲಿನಿಂದ ಬಂದರೇನು? ದೀಪಾ ಭಾಸ್ತಿಯವರ ಅನುವಾದದ ಸುದ್ದಿ ಬಂದ ವಾರ ನನ್ನನ್ನು ಕೇಳಿದವರೆಲ್ಲ ಇಂಗ್ಲಿಷ್ ಪುಸ್ತಕವನ್ನೇ ಕೇಳಿದರು, ಮೂಲ ಕನ್ನಡದಲ್ಲೇ ಇದೆ ಮಾರಾಯ್ರೆ ಅಂದೆ. ನನಗೆ ಆ ಕಥೆಗಳಲ್ಲಿ ಸಿಟ್ಟು ಇರುವವು ಇಷ್ಟ. ಸಮಾಧಾನ ಹೇಳಹೊರಟವು ಅಷ್ಟು ಹಿಡಿಸಲಿಲ್ಲ.

ಹಿಂದಿನ ಸಾಲಿನ ಹಿರಿಯರು: “ನಿಮ್ಮ ಪುಸ್ತಕ ಎರವಲು ಕೊಡ್ತೀರೇನು?”

ಕೊಡುತ್ತೇನೆ ರೀ ಯಜಮಾನ್ರ. ಕಿರ್ದಿಯ ಕೊನೆಯ ಪುಟಗಳು ಉದ್ರಿಗೇ ಮೀಸಲು. ಹೆಸರು, ಊರು, ಪುಸ್ತಕ, ತಾರೀಖು. ಬಡ್ಡಿ ಇಲ್ಲ. ಒಂದೇ ಕರಾರು: ವಾಪಸ್ ತರುವಾಗ ಎಲ್ಲಿ ಮುಗ್ಗರಿಸಿದಿರಿ ಅಂತ ಹೇಳಬೇಕು, ನಾನು ಬರೆದುಕೊಳ್ಳುತ್ತೇನೆ. ‘ಚೆನ್ನಾಗಿದೆ’ ಅಂದವರಿಗೆ ಎರಡನೇ ಪುಸ್ತಕ ಇಲ್ಲ. ‘ಕುಸುಮಬಾಲೆ’ ಈಗ ಲಿಂಗಸುಗೂರಿನಲ್ಲಿದೆ, ಹೋದ ಹೋಳಿ ಹಬ್ಬಕ್ಕೆ ಹೋದದ್ದು. ‘ಅರಮನೆ’ ಕೈಯಲ್ಲಿದೆ, ಬೇಕಾದವರು ಸೋಮವಾರ ಸವಾಲು ಮುಗಿದ ಮೇಲೆ ಗಂಜಿಗೆ ಬರ್ರಿ. ಚೀಲ ತನ್ನಿ, ಪುಸ್ತಕ ಭಾರ ಇದೆ.